ಮೂರು ಸಮಾಧಿಗಳ ಸಾಕ್ಷಿ

ದೇವದಾಸ್ ವಾದದಲ್ಲಿ ಸೋತದ್ದನ್ನು ನಾನು ನೋಡಿದ್ದು ಒಂದೇ ಸಲ. ಸೋಲಿಸಿದವಳು ಅವನ ಹೆಂಡತಿ. ಅದಕ್ಕೂ ಮೊದಲು ಒಂದೂವರೆ ವರ್ಷ ನಾನು ಆ ಕೆಲಸಕ್ಕೆ ಪ್ರಯತ್ನಪಟ್ಟಿದ್ದೆ, ಹೈಡೆಲ್‌ಬರ್ಗ್‌ನಿಂದ ವಾಲ್‌ಡಾರ್ಫ್‌ಗೆ ಆಫೀಸಿಗೆಂದು ಹೋಗುವಾಗಲೂ ಬರುವಾಗಲೂ. ಕಾರು ನನ್ನದು, ಪೆಟ್ರೋಲು ಅರ್ಧ ಅರ್ಧ, ಬಾಯಿ ಮಾತ್ರ ಪೂರ್ತಿ ಅವನದು.

ನಾವಿಬ್ಬರೂ ಎರಡು ಸಾವಿರದ ಒಂದನೇ ಇಸವಿಯಲ್ಲಿ ಜರ್ಮನ್ ಸರ್ಕಾರ ಕಂಪ್ಯೂಟರಿನವರಿಗೆಂದು ಕೊಟ್ಟ ಗ್ರೀನ್ ಕಾರ್ಡ್ ಮೇಲೆ ಜರ್ಮನಿಗೆ ಬಂದವರು. ನಾನು ಗದಗಿನವನು, ಮಲ್ಲಿಕಾರ್ಜುನ. ಅವನು ಉಡುಪಿಯ ಮಿಷನ್ ಕಾಂಪೌಂಡಿನಲ್ಲಿ ಹುಟ್ಟಿ ಬೆಳೆದ ಪ್ರಾಟೆಸ್ಟಂಟ್ ಕ್ರೈಸ್ತ. ಒಂದೇ ಕಂಪನಿ, ಒಂದೇ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ತೆಗೆಯುವ ಟೆಸ್ಟರ್‌ಗಳು ನಾವು. ಆ ಕೆಲಸದಲ್ಲಿ ದೇವದಾಸನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಪ್ರೋಗ್ರಾಮರ್ ಬಂದು ಎಲ್ಲ ಪಾಸಾಯಿತು ಎಂದು ಹಲ್ಲು ಬಿಟ್ಟರೆ ಇವನು ಕುರ್ಚಿ ತಿರುಗಿಸಿ, ಇದು ಫೇಲ್ ಆಗುವುದು ಹೇಗೆಂದು ಮೊದಲು ತೋರಿಸು ಎನ್ನುತ್ತಿದ್ದ. ಫೇಲ್ ಆಗಲು ಸಾಧ್ಯವೇ ಇಲ್ಲದ್ದು ಟೆಸ್ಟೇ ಅಲ್ಲ ಎಂಬುದು ಅವನ ಮಾತು. ಒಂದು ಸಲ ಪಾಸಾದದ್ದನ್ನು ಅವನು ಎಂದೂ ನಂಬಲಿಲ್ಲ. ಮತ್ತೆ ಓಡಿಸು, ಬೇರೆ ಮೆಷಿನ್ ಮೇಲೆ ಓಡಿಸು ಎಂದು ಜರ್ಮನರ ಶುಕ್ರವಾರದ ಸಂಜೆಗಳನ್ನು ಹಾಳು ಮಾಡುತ್ತಿದ್ದ. ಅವರು ಅವನನ್ನು ದ್ವೇಷಿಸುತ್ತಲೇ ಗೌರವಿಸುತ್ತಿದ್ದರು.

ಅದೇ ಮನುಷ್ಯ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಕೂಡಲೇ ಬೇರೆಯವನಾಗುತ್ತಿದ್ದ. ನನ್ನ ಆತ್ಮವನ್ನು ಉಳಿಸುವ ಹೊಣೆಯನ್ನು ಅವನ ತಲೆಗೆ ಕಟ್ಟಿದವರು ಯಾರೋ ಗೊತ್ತಿಲ್ಲ.

"ನೋಡು ಮಲ್ಲಿ, ದಾರಿಯಲ್ಲಿ ಒಂದು ವಾಚ್ ಸಿಕ್ಕಿದ್ರೆ ಅದು ತನ್ನಷ್ಟಕ್ಕೇ ಆದದ್ದು ಅಂತ ಹೇಳ್ತೀಯಾ? ಇಷ್ಟು ದೊಡ್ಡ ಪ್ರಪಂಚ ಉಂಟು. ಮಾಡಿದವ ಒಬ್ಬ ಬೇಡ್ವಾ?"

"ನಾವು ಟೆಸ್ಟ್ ಮಾಡೋ ಪ್ರೋಗ್ರಾಮ್ ಎಷ್ಟು ಮಂದಿ ಬರದಾರ?"

"ನಲ್ವತ್ತು ಜನ ಇರ್ಬಹುದು."

"ಅವರೊಳಗ ಒಬ್ಬರ ಮಾರಿ ಒಬ್ಬರಿಗೆ ಆಗೂದಿಲ್ಲ. ಹಂಗಾದ್ರ ನಿನ್ನ ಲೆಕ್ಕದಾಗ ದೇವರೂ ನಲವತ್ತು ಮಂದಿ ಅದಾರ, ಅವರವರ ನಡುವ ಮಾತಿಲ್ಲ. ಪ್ರಪಂಚ ನೋಡಿದ್ರ ನನಗ ಅದ ಖರೇ ಅನಸತೈತಿ ನೋಡು."

ಅಷ್ಟರಲ್ಲಿ ವಾಲ್‌ಡಾರ್ಫ್‌ನ ತಿರುವು ಬರುತ್ತಿತ್ತು. ಸಂಜೆ ಹೇಳುತ್ತೇನೆ ಎಂದು ಇಳಿದು ಹೋಗುತ್ತಿದ್ದ. ಸಂಜೆ ಬಂದರೆ ಗಡಿಯಾರದ ಸುದ್ದಿಯೇ ಇಲ್ಲ, ಹೊಸ ವಾದ ಸಿದ್ಧ. ನಂಬಿದರೆ ನಿನಗೆ ನಷ್ಟವೇನು? ದೇವರಿಲ್ಲದಿದ್ದರೆ ಏನೂ ಹೋಗುವುದಿಲ್ಲ, ಇದ್ದು ನೀನು ನಂಬದಿದ್ದರೆ ಎಲ್ಲ ಹೋಯಿತು. ಗದಗಿನಲ್ಲಿ ನಮ್ಮವ್ವ ಗಂಗವ್ವ ಎಲ್ಲಮ್ಮನ ಹರಕೆಗೆ ಇದೇ ಮಾತು ಹೇಳುತ್ತಾಳೆ. ನಮ್ಮ ಮನೆಯ ಕೆಳಗೆ ಡೋನರ್ ಎಂಬ ಮಾಂಸದ ರೊಟ್ಟಿ ಮಾರುವ ತುರ್ಕಿಯವನೂ ತನ್ನ ದೇವರಿಗೆ ಇದನ್ನೇ ಹೇಳುತ್ತಾನೆ. ಮೂವರದೂ ಒಂದೇ ಜೂಜು, ಕುದುರೆ ಮಾತ್ರ ಬೇರೆ. ಯಾವ ಕುದುರೆಯ ಮೇಲೆ ಹಚ್ಚಬೇಕೆಂದು ನಿನ್ನ ವಾದ ಹೇಳುವುದಿಲ್ಲವಲ್ಲ ಎಂದರೆ ಅವನು ರೇಡಿಯೋ ದೊಡ್ಡದು ಮಾಡುತ್ತಿದ್ದ. ಮರುದಿನ ಬೆಳಿಗ್ಗೆ ಮೂರನೆಯದು. ತಾನೇ ದೇವರೆಂದ ಯೇಸು ಒಂದೋ ಸುಳ್ಳುಗಾರ, ಒಂದೋ ಹುಚ್ಚ, ಇಲ್ಲವೇ ದೇವರು, ಮೂರರಲ್ಲಿ ಒಂದನ್ನು ಆರಿಸು. ನಾಲ್ಕನೆಯದು ಯಾಕಿಲ್ಲ ಎಂದು ನಾನು. ಯೇಸು ಹಾಗೆ ಹೇಳಿದನೋ ಇಲ್ಲವೋ, ಎಷ್ಟೋ ವರ್ಷದ ಮೇಲೆ ಬರೆದವರು ಹೇಳಿಸಿರಬಹುದು. ಗಿರಾಕಿ ಅಂದದ್ದೇ ಒಂದು, ದೂರು ಬರೆದುಕೊಂಡವನು ಬರೆದದ್ದೇ ಒಂದು ಎಂದು ದಿನಾ ಕಾಣುವ ನಮಗೆ ಇದನ್ನು ಯಾರಾದರೂ ಕಲಿಸಬೇಕೇ?

ಎಷ್ಟು ಸಲ ಬಿದ್ದರೂ ಅವನ ಮೀಸೆ ಮಣ್ಣಾಗುತ್ತಿರಲಿಲ್ಲ. ಪ್ರಾರ್ಥನೆಯ ವಿಷಯಕ್ಕೆ ಬಂದರಂತೂ ಅವನನ್ನು ಹಿಡಿಯುವಂತೆಯೇ ಇರಲಿಲ್ಲ. ವೀಸಾ ಮುಂದುವರಿದರೆ ದೇವರ ಉತ್ತರ. ಸೈಕಲ್ ಕಳುವಾದರೆ ದೇವರ ಪಾಠ. ನಮ್ಮ ತಂಡ ಬಿಟ್ಟು ಪಕ್ಕದ ತಂಡದವರನ್ನು ಮನೆಗೆ ಕಳಿಸಿದಾಗ ಮತ್ತೆ ಉತ್ತರ. ಪಕ್ಕದ ತಂಡದವರು ಪ್ರಾರ್ಥನೆ ಮಾಡಿರಲಿಲ್ಲವೇ ಎಂದು ಕೇಳಿದೆ.

"ಅವರಿಗೆ ದೇವರ ಯೋಜನೆ ಬೇರೆ ಉಂಟು."

"ದೇವದಾಸ, ಇದು ಫೇಲ್ ಆಗೂದು ಹೆಂಗ ಅಂತ ಮೊದಲ ತೋರಿಸು."

"ಅದು ಆಫೀಸಿಗೆ ಮಾರಾಯ. ಇದು ವಿಶ್ವಾಸ."

ಕೊನೆಗೆ ಉಳಿದದ್ದು ಅವನ ತುರುಪು, ಮೂರು ಸಮಾಧಿಗಳು. ಉಡುಪಿಯ ಮಿಷನ್ ಸ್ಮಶಾನದಲ್ಲಿ ಮೊಣಕಾಲೆತ್ತರದ ಮೂರು ಗೋರಿಗಳಿವೆಯಂತೆ. ನೂರು ವರ್ಷಕ್ಕೂ ಹಿಂದೆ ಈ ಜರ್ಮನಿಯಿಂದ ಬಂದ ಪಾದ್ರಿಯೊಬ್ಬನ ಮೂರು ಮಕ್ಕಳು ಒಂದೇ ಮಳೆಗಾಲದಲ್ಲಿ ಜ್ವರಕ್ಕೆ ಸತ್ತವು. ಪಾದ್ರಿಯ ಹೆಸರು ಶೊಯ್ಫೆಲೆ. ಉಡುಪಿಯವರ ಬಾಯಲ್ಲಿ ಶಾಫಲ್ ಅಯ್ಯನವರು. ದೇವದಾಸನ ಮುತ್ತಜ್ಜನಿಗೆ ದೀಕ್ಷಾಸ್ನಾನ ಕೊಟ್ಟವರು ಅವರೇ. ಮೂರು ಮಕ್ಕಳನ್ನು ಮಣ್ಣಿಗೆ ಹಾಕಿದ ಮೇಲೂ ಅವರು ಊರು ಬಿಡಲಿಲ್ಲ, ಇನ್ನೂ ನಾಲ್ಕು ವರ್ಷ ಅಲ್ಲೇ ಬೋಧನೆ ಮಾಡಿದರು. ಪ್ರತಿವರ್ಷ ಈಸ್ಟರ್ ಹಿಂದಿನ ದಿನ ಆ ಮೂರು ಗೋರಿಗಳಿಗೆ ಸುಣ್ಣ ಹೊಡೆಯುವವರು ದೇವದಾಸನ ಮನೆಯವರು. ಮುತ್ತಜ್ಜ, ಅಜ್ಜ, ಅಪ್ಪ, ಆಮೇಲೆ ಇವನು. ಈಸ್ಟರ್ ಬೆಳಗಿನ ಕತ್ತಲಲ್ಲಿ ಸಭೆಯವರೆಲ್ಲ ಮೊಂಬತ್ತಿ ಹಿಡಿದು ಸ್ಮಶಾನಕ್ಕೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಆ ಬಿಳಿ ಗೋರಿಗಳೇ. ಜರ್ಮನಿಗೆ ಬಂದಾಗ ಸೂಟ್‌ಕೇಸಿನಲ್ಲಿ ಅವುಗಳ ಫೋಟೋ ಇಟ್ಟುಕೊಂಡು ಬಂದಿದ್ದ.

"ಮೂರು ಮಕ್ಕಳನ್ನು ಕಳ್ಕೊಂಡ ಮನುಷ್ಯ ಸುಳ್ಳು ಹೇಳ್ತಾನಾ ಮಲ್ಲಿ? ಸುಳ್ಳಿಗೋಸ್ಕರ ಯಾರಾದ್ರೂ ಅಷ್ಟು ಕೊಡ್ತಾರಾ?"

ಅವರು ನಂಬಿದ್ದರು ಎನ್ನುವುದಕ್ಕೆ ಅದು ಸಾಕ್ಷಿ, ನಂಬಿದ್ದು ನಿಜ ಎನ್ನುವುದಕ್ಕಲ್ಲ ಎಂದು ನಾನು ಹೇಳಬಹುದಿತ್ತು, ಹೇಳಿದೆ ಕೂಡ. ಆದರೆ ಸತ್ತ ಮಕ್ಕಳ ಎದುರು ತರ್ಕದ ದನಿ ಯಾವಾಗಲೂ ಸ್ವಲ್ಪ ಸಣ್ಣದಾಗಿ ಕೇಳುತ್ತದೆ. ಅದು ಅವನಿಗೆ ಗೊತ್ತಿತ್ತು.

ಅವನ ಹೆಂಡತಿ ಜಾಯ್ಸ್ ಮೂಲ್ಕಿಯವಳು, ಊರಲ್ಲಿ ಶಾಲೆ ಟೀಚರಾಗಿದ್ದವಳು. ಇಲ್ಲಿ ಕೆಲಸವಿಲ್ಲದೆ ಕೂತಿರಲಾರದೆ ಜರ್ಮನ್ ತರಗತಿಗೆ ಸೇರಿ ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತಳು. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತಿದ್ದುದರಿಂದ ದೇವದಾಸನ ಜರ್ಮನ್ ನಮಸ್ಕಾರ, ಧನ್ಯವಾದಗಳಲ್ಲೇ ನಿಂತಿತ್ತು. ಮನೆ ಮಾಲೀಕ, ಬ್ಯಾಂಕು, ಡಾಕ್ಟರು ಎಲ್ಲ ಕಡೆ ಅವಳು ಹೇಳುವುದು, ಇವನು ತಲೆಯಾಡಿಸುವುದು. ನಾನು ಅವರ ಮನೆಗೆ ಹೋದರೆ ಮಲ್ಲಣ್ಣ ಎಂದು ಕರೆದು ಮೀನಿಲ್ಲದ ಸಾರನ್ನು ಬೇರೆ ಪಾತ್ರೆಯಲ್ಲಿ ಮಾಡಿಡುತ್ತಿದ್ದಳು.

ನಾವು ಬಂದ ಮರುವರ್ಷ ಆಗಸ್ಟಿನಲ್ಲಿ ಅವಳು ಬಸುರಿಯಾದಳು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಹೃದಯದಲ್ಲಿ ಏನೋ ಸರಿಯಿಲ್ಲ ಎಂದರು ಡಾಕ್ಟರು. ದೇವದಾಸ್ ಪ್ರಾರ್ಥನೆಯ ಸರಪಳಿ ಶುರು ಮಾಡಿದ. ಭಾನುವಾರ ಮಧ್ಯಾಹ್ನ ಜರ್ಮನ್ ಚರ್ಚಿನವರು ಬಿಟ್ಟುಕೊಟ್ಟ ನೆಲಮಾಳಿಗೆಯ ಹಾಲಿನಲ್ಲಿ ಸೇರುವ ನಮ್ಮ ಕರಾವಳಿಯವರ ಕೂಟದಿಂದ ಹಿಡಿದು ಉಡುಪಿಯ ಸಭೆಯವರೆಗೆ, ಗಂಟೆಗೊಬ್ಬರಂತೆ ಮೊಣಕಾಲೂರಿದರು. ಮುಂದಿನ ಸ್ಕ್ಯಾನಿನಲ್ಲಿ ಹೃದಯ ಚೆನ್ನಾಗಿ ಕಂಡಿತು. ಮಗು ಮಗ್ಗುಲಾಗಿ ಮಲಗಿದೆ, ಪೂರ್ತಿ ಕಾಣುತ್ತಿಲ್ಲ, ಹೃದಯದ ತಜ್ಞರ ಹತ್ತಿರ ಇನ್ನೊಂದು ಸಲ ನೋಡಿಸಿ ಎಂದು ಡಾಕ್ಟರು ದಿನ ಗೊತ್ತುಮಾಡಿ ಕೊಟ್ಟರು.

ಆ ಭಾನುವಾರ ದೇವದಾಸ್ ಕೂಟದ ಎದುರು ನಿಂತು ಸಾಕ್ಷಿ ಹೇಳಿದ. ದೇವರು ಮಗುವನ್ನು ಮುಟ್ಟಿ ಗುಣಪಡಿಸಿದ ಎಂದ. ಎಲ್ಲರೂ ಹಲ್ಲೆಲೂಯ ಅಂದರು, ಜಾಯ್ಸ್ ಮಾಡಿದ ಗೋಧಿ ಹಲ್ವ ತಿಂದರು, ಊಟದ ಆಸೆಗೆ ಕೂಟಕ್ಕೆ ಹೋಗುತ್ತಿದ್ದ ನಾನೂ ತಿಂದೆ. ತಜ್ಞರ ಬಳಿ ಹೋಗುವ ದಿನ ಹತ್ತಿರ ಬಂದಾಗ ಅವನು ಹೆಂಡತಿಗೆ, "ಉತ್ತರ ಬಂದ ಮೇಲೆ ಪುನಃ ಚೆಕ್ ಮಾಡುದು ಅಂದ್ರೆ ದೇವರನ್ನೇ ಟೆಸ್ಟ್ ಮಾಡಿದ ಹಾಗೆ. ನಾನು ಎಲ್ಲರೆದುರು ಸಾಕ್ಷಿ ಹೇಳಿ ಆಗಿದೆ" ಎಂದ. ಜಾಯ್ಸ್ ತನ್ನ ಒಳ್ಳೆಯ ಜರ್ಮನ್‌ನಲ್ಲಿ ಫೋನ್ ಮಾಡಿ ಆ ಭೇಟಿಯನ್ನು ರದ್ದುಮಾಡಿದಳು. ಒಂದು ಸಲ ಪಾಸಾದ ಪ್ರೋಗ್ರಾಮನ್ನು ಜನ್ಮದಲ್ಲಿ ನಂಬದವನು ಒಂದು ಸಲ ಪಾಸಾದ ಹೃದಯವನ್ನು ನಂಬಿದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮಗು ಮೇ ತಿಂಗಳಲ್ಲಿ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಹುಟ್ಟಿತು, ನೀಲಿ ಬಣ್ಣದಲ್ಲಿ. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದರು. ಒಂದು ವಾರವೂ ಬದುಕಲಿಲ್ಲ. ಕೊನೆಯ ದಿನ ಸರ್ಜನ್ ಇಬ್ಬರನ್ನೂ ಕೂರಿಸಿ ಮಾತಾಡಿದರು. ಮೊದಲೇ ಗೊತ್ತಿದ್ದರೆ ಹೆರಿಗೆಯನ್ನೇ ಇಲ್ಲಿ ಮಾಡಿಸಿ ಕೂಡಲೇ ಆಪರೇಷನ್‌ಗೆ ತೆಗೆದುಕೊಳ್ಳುತ್ತಿದ್ದೆವು, ಉಳಿಯುತ್ತಿತ್ತು ಎಂದು ಹೇಳಲಾರೆ, ಅವಕಾಶವಿತ್ತು ಎಂದು ಹೇಳಬಲ್ಲೆ. ಅದನ್ನು ವಾಕ್ಯ ವಾಕ್ಯವಾಗಿ ಗಂಡನಿಗೆ ಕನ್ನಡದಲ್ಲಿ ಹೇಳಿದವಳು ಜಾಯ್ಸ್.

ಕೂಟದವರು ಸಮಾಧಾನಕ್ಕೆಂದು ಮನೆಗೆ ಬಂದರು. ಅವರ ಸಮಾಧಾನದಷ್ಟು ಕ್ರೂರವಾದದ್ದನ್ನು ನಾನು ಬೇರೆ ಕೇಳಿಲ್ಲ. ಮ್ಯಾನ್‌ಹೈಮಿನ ಸಿಸಿಲಿಯಾ ಆಂಟಿ, ದೇವರಿಗೆ ತನ್ನ ತೋಟಕ್ಕೊಂದು ಹೂ ಬೇಕಿತ್ತು ಮಗಾ ಎಂದು ಜಾಯ್ಸಳ ಕೆನ್ನೆ ಸವರಿದರು. ಮೊಗ್ಗು ಕಿತ್ತವನನ್ನು ನಮ್ಮೂರಲ್ಲಿ ತೋಟಗಾರ ಅನ್ನುವುದಿಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು. ಮೆಲ್ರಾಯ್ ಎನ್ನುವವನು, ದೇವರು ತಾನು ಪ್ರೀತಿಸುವವರನ್ನೇ ಶೋಧಿಸುವುದು, ಇನ್ನೊಂದು ಕೊಡ್ತಾನೆ ಎಂದ. ಒಬ್ಬರೂ ಮಗುವಿನ ಹೆಸರೆತ್ತಲಿಲ್ಲ. ಆ ಭಾನುವಾರ ಹಲ್ವ ತಿಂದದ್ದಂತೂ ಯಾರಿಗೂ ನೆನಪೇ ಇರಲಿಲ್ಲ.

ಎಲ್ಲರೂ ಹೋಗಿ ನಾನೊಬ್ಬನೇ ಉಳಿದಾಗ ಜಾಯ್ಸ್ ಗಂಡನನ್ನು ಕೇಳಿದಳು. "ಸ್ಕ್ಯಾನ್ ಚೆನ್ನಾಗಿ ಬಂದದ್ದು ದೇವರ ಉತ್ತರ ಅಲ್ವಾ? ಹಾಗಾದ್ರೆ ಇದು ಯಾರ ಉತ್ತರ?"

"ಇದೂ ಅವನದ್ದೇ ಜಾಯ್ಸ್. ನಮಗೆ ಈಗ ಅರ್ಥ ಆಗುದಿಲ್ಲ."

"ಅರ್ಥ ಆಗದಿದ್ರೆ ಅದು ಉತ್ತರ ಅಂತ ನಿಮಗೆ ಹೇಗೆ ಗೊತ್ತು?"

ಅವನು ಬೈಬಲ್ ತೆರೆದ. ಅವಳು ಎದ್ದು ಹೋಗಿ ಪಾತ್ರೆ ತೊಳೆದಳು. ಅಂದಿನಿಂದ ಅವಳು ಕೂಟಕ್ಕೆ ಬಂದರೂ ಬಾಯಿ ತೆರೆಯುತ್ತಿರಲಿಲ್ಲ, ಹಾಡಿಗೂ ಇಲ್ಲ, ಆಮೆನ್‌ಗೂ ಇಲ್ಲ. ದೇವದಾಸ್ ಬೆದರಿದ. ಹೆಂಡತಿಯ ವಿಶ್ವಾಸ ಹೋಗುತ್ತಿದೆ ಎಂದು ಅವನು ಕಾರಿನಲ್ಲಿ ಅತ್ತದ್ದನ್ನು ನಾನು ನೋಡಿದ್ದೇನೆ. ಆದರೆ ಅವಳಿಗೆ ಬೇಕಾಗಿದ್ದದ್ದು ವಿಶ್ವಾಸವಲ್ಲ. ಒಂದು ಸಂಜೆ ಅವನು ಫೋನಿನಲ್ಲಿದ್ದಾಗ ಅವಳೇ ಅಡುಗೆಮನೆಯಲ್ಲಿ ನನಗೆ ಹೇಳಿದಳು.

"ಮಲ್ಲಣ್ಣ, ಇವರು ಒಂದೇ ಒಂದು ಸಲ, ನನಗೆ ಗೊತ್ತಿರ್ಲಿಲ್ಲ, ಚೆಕ್ ಮಾಡುದು ಬೇಡ ಅಂದದ್ದು ನನ್ನ ತಪ್ಪು ಅಂತ ಹೇಳಿದ್ರೆ ಸಾಕು. ಫೋನ್ ಮಾಡಿದವಳು ನಾನೇ ಅಲ್ವಾ, ನಾನೂ ಹೇಳ್ತೇನೆ. ಇಬ್ರೂ ಒಟ್ಟಿಗೆ ಕೂತು ಅಳ್ಬಹುದು. ಇವರು ಅದೊಂದು ಬಿಟ್ಟು ಎಲ್ಲ ಹೇಳ್ತಾರೆ."

ಆ ಒಂದು ಮಾತಿನ ಮೇಲೆ ಅವರ ಸಂಸಾರ ನಿಂತಿತ್ತು. ಅವನಿಗೆ ಅದನ್ನು ಹೇಳಿ ಮುಗಿಸು ಎಂದು ನಾನೂ ಅಂದೆ. ಅದನ್ನು ಹೇಳಿದರೆ ತನ್ನ ಸಾಕ್ಷಿ ಸುಳ್ಳಾಗುತ್ತದೆ, ದೇವರ ಹೆಸರು ಕೆಡುತ್ತದೆ ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅದರ ಬದಲು ಅವನು ಹೊಸ ಉಪಾಯ ಹೂಡಿದ. ಶಾಫಲ್ ಅಯ್ಯನವರ ಮನೆತನದವರನ್ನು ಹುಡುಕಿ ಜಾಯ್ಸಳನ್ನು ಅಲ್ಲಿಗೆ ಕರೆದೊಯ್ಯುವುದು. ಮೂರು ಮಕ್ಕಳನ್ನು ಕಳೆದುಕೊಂಡೂ ವಿಶ್ವಾಸ ಬಿಡದವರ ಕಥೆಯನ್ನು ಅವರ ಮನೆಯವರ ಬಾಯಿಂದಲೇ ಕೇಳಿದರೆ ಒಂದನ್ನು ಕಳೆದುಕೊಂಡವಳ ಮನಸ್ಸು ತಿರುಗದೆ ಇರುತ್ತದೆಯೇ ಎಂಬುದು ಅವನ ಲೆಕ್ಕ. ಗೋರಿಯ ಕಲ್ಲಿನ ಮೇಲೆ ಪಾದ್ರಿಯ ಹುಟ್ಟೂರಿನ ಹೆಸರಿತ್ತು. ಆ ಊರಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಆ ಹೆಸರಿನವರು ಒಬ್ಬರೇ ಇದ್ದರು. ಫೋನ್ ಮಾಡಿದವಳು ಮತ್ತೆ ಜಾಯ್ಸ್. ಶನಿವಾರ ಮೂರು ಗಂಟೆಗೆ ಬನ್ನಿ, ತಡಮಾಡಬೇಡಿ ಎಂದರಂತೆ.

ಸೆಪ್ಟೆಂಬರಿನಲ್ಲಿ ನನ್ನ ಹಳೆಯ ಓಪೆಲ್‌ನಲ್ಲಿ ಹೊರಟೆವು. ಸ್ಟುಟ್‌ಗಾರ್ಟ್ ದಾಟಿ, ಗುಡ್ಡ ಹತ್ತಿ, ಸೇಬಿನ ಮರಗಳ ನಡುವಿನ ಹಳ್ಳಿ ಸೇರಿದಾಗ ಚರ್ಚಿನ ಗಂಟೆ ಮೂರು ಹೊಡೆಯುತ್ತಿತ್ತು. ಬಾಗಿಲು ತೆರೆದವರು ಎಪ್ಪತ್ತು ದಾಟಿದ, ಕೋಲಿನಂತೆ ನೆಟ್ಟಗಿದ್ದ ಮುದುಕಿ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮದುವೆಯಾದವರಲ್ಲ. ಶಾಫಲ್ ಅಯ್ಯನವರ ಮೊಮ್ಮಗಳು. ನಾವು ಕೂತೆವು, ಪ್ಲಮ್ ಹಣ್ಣಿನ ಕೇಕು ಬಂತು, ಕಾಫಿ ಬಂತು. ದೇವದಾಸ್ ಗೋಡಂಬಿಯ ಪೊಟ್ಟಣ ಕೊಟ್ಟು, ಎರಡೂ ಕೈಯಲ್ಲಿ ಫೋಟೋಗಳನ್ನು ಮುಂದಿಟ್ಟ. ನಾಲ್ಕು ತಲೆಮಾರಿನ ಸುಣ್ಣದ ಕಥೆಯನ್ನು ಅವನು ಕನ್ನಡದಲ್ಲಿ ಹೇಳಿದ, ಜಾಯ್ಸ್ ಜರ್ಮನ್‌ನಲ್ಲಿ ಹೇಳಿದಳು. ಮುದುಕಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಫೋಟೋ ನೋಡಿದರು.

"ಜಾಯ್ಸ್, ಅವರಿಗೆ ಹೇಳು. ನಮ್ಮ ಮಗು ತೀರಿಕೊಂಡಿದೆ, ನನ್ನ ಹೆಂಡತಿಯ ವಿಶ್ವಾಸ ಕುಂದಿದೆ. ನಿಮ್ಮ ಅಜ್ಜ ಹೇಗೆ ಗಟ್ಟಿ ನಿಂತರು ಅಂತ ಇವಳಿಗೆ ಹೇಳ್ಬೇಕು ಅಂತ ಹೇಳು."

ಇವಳಿಗೆ ಎಂದು ಅವನು ತೋರಿಸಿದ ಬೆರಳಿನ ಎದುರು ಕೂತೇ ಅವಳು ಅದನ್ನು ಅನುವಾದಿಸಿದಳು. ನನಗೆ ಅಷ್ಟು ಜರ್ಮನ್ ತಿಳಿಯುತ್ತದೆ. ಒಂದು ಶಬ್ದವನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ.

ಮುದುಕಿ ಕನ್ನಡಕ ತೆಗೆದು ಜಾಯ್ಸಳನ್ನೇ ನೋಡುತ್ತ ಒಂದು ಪ್ರಶ್ನೆ ಕೇಳಿದರು. ಜಾಯ್ಸ್ ಉತ್ತರಿಸುವ ಮೊದಲು ಗಂಡನತ್ತ ತಿರುಗಿದಳು.

"ಮಗುವಿನ ಹೆಸರು ಎಂತ ಅಂತ ಕೇಳ್ತಾರೆ."

"ಮಗು ಈಗ ಕರ್ತನ ಹತ್ತಿರ ಉಂಟು ಅಂತ ಹೇಳು" ಎಂದ ದೇವದಾಸ್.

"ಜೋಯೆಲ್" ಎಂದಳು ಜಾಯ್ಸ್ ಮುದುಕಿಗೆ. ಆ ಹೆಸರೇನೆಂದು ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಮುದುಕಿ ಹೇಳಿದ್ದನ್ನು ನಾನಿಲ್ಲಿ ನೇರವಾಗಿ ಹೇಳುತ್ತೇನೆ, ಜಾಯ್ಸ್ ಹೇಳಿದ ಕನ್ನಡದಲ್ಲಿ.

"ನನ್ನ ಅಪ್ಪ ನಾಲ್ಕನೆಯವ, ಬದುಕಿದವ. ಅವರು ನನಗೆ ಹೇಳಿದ್ದು ಇದು. ಮಳೆಗಾಲದಲ್ಲಿ ಇಲ್ಲಿ ಜ್ವರ ಬರ್ತದೆ, ಮಕ್ಕಳನ್ನು ಘಟ್ಟದ ಮೇಲೆ ಕಳಿಸಿ ಅಂತ ಎಲ್ಲರೂ ಹೇಳಿದ್ರು. ಅಜ್ಜ ಕಳಿಸ್ಲಿಲ್ಲ. ಕಳಿಸಿದ್ರೆ ದೇವರ ಮೇಲೆ ಸಂಶಯಪಟ್ಟ ಹಾಗೆ ಆಗ್ತದೆ ಅಂತ ಹೇಳಿದ್ರು. ಮೂರು ಮಕ್ಕಳು ಸತ್ತವು. ಜರ್ಮನಿಗೆ ವಾಪಸ್ ಬಂದ ಮೇಲೆ ಮಿಷನಿನವರು ಅಜ್ಜನನ್ನು ಊರೂರಿಗೆ ಕರ್ಕೊಂಡು ಹೋಗಿ ಆ ಮೂರು ಗೋರಿಗಳ ಕಥೆ ಹೇಳಿಸಿದ್ರು. ಜನ ಅಳ್ತಿದ್ರು. ಒಂದು ಭಾನುವಾರ ಇದೇ ಊರಿನ ಚರ್ಚಿನಲ್ಲಿ ಕಥೆ ಹೇಳ್ತಾ ಹೇಳ್ತಾ ಅರ್ಧದಲ್ಲಿ ನಿಲ್ಲಿಸಿದ್ರು. ನನಗೆ ಗೊತ್ತಿಲ್ಲ, ಎಂದೂ ಗೊತ್ತಿರ್ಲಿಲ್ಲ, ಕಳಿಸದೆ ಇದ್ದದ್ದು ನನ್ನ ತಪ್ಪು ಅಂತ ಹೇಳಿ ಕೆಳಗಿಳಿದು ಮನೆಗೆ ನಡೆದ್ರು. ಮತ್ತೆ ಸಾಯುವವರೆಗೆ ಆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಊರವರು ಅವರ ತೋಟದ ಸೇಬು ಕೊಳ್ಳುದನ್ನು ಬಿಟ್ರು."

ದೇವದಾಸ್ ಚಮಚ ಕೆಳಗಿಟ್ಟ. "ಸರಿಯಾಗಿ ಕೇಳು. ಹಾಗೆ ಹೇಳಿರ್ಲಿಕ್ಕಿಲ್ಲ" ಎಂದ.

"ಹಾಗೇ ಹೇಳಿದ್ದು" ಎಂದಳು ಜಾಯ್ಸ್.

"ಹಾಗಾದ್ರೆ ಅವರು ಅಷ್ಟು ವರ್ಷ ಸಹಿಸಿದ್ದಕ್ಕೆ ಬೆಲೆ ಇಲ್ವಾ? ಸುಳ್ಳಿಗೆ ಯಾರಾದ್ರೂ ಮೂರು ಮಕ್ಕಳನ್ನು ಕೊಡ್ತಾರಾ ಅಂತ ಕೇಳು."

ಜಾಯ್ಸ್ ಕೇಳಿದಳು. ಮುದುಕಿ ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವಂತೆ ಅವನನ್ನು ನೋಡಿದರು. ಅವರ ದನಿಯಲ್ಲಿ ಕರುಣೆ ಇರಲಿಲ್ಲ. ಅಜ್ಜ ಕೊಡಲಿಲ್ಲ, ಮಕ್ಕಳು ಹೋದವು ಎಂದರು. ಅಜ್ಜ ನಂಬಿದ್ದು ದೇವರಿದ್ದಾನೆ ಎನ್ನುವುದಕ್ಕೆ ಪುರಾವೆಯಲ್ಲ, ಅಜ್ಜ ಬಿಟ್ಟದ್ದು ಇಲ್ಲ ಎನ್ನುವುದಕ್ಕೂ ಪುರಾವೆಯಲ್ಲ. ಪುರಾವೆ ಬೇಕಾಗಿದ್ದರೆ ನೀವು ಗೋರಿಗಳ ಹತ್ತಿರ ಹೋಗಬಾರದಿತ್ತು. ಮೂರು ಮಕ್ಕಳಿಗೆ ಸುಣ್ಣ ಹೊಡೆದದ್ದಕ್ಕೆ ಕೃತಜ್ಞಳು, ಆದರೆ ಇನ್ನು ಮೇಲೆ ಅವರನ್ನು ಯಾವ ವಾದಕ್ಕೂ ಎಳೆದು ತರಬೇಡಿ ಎಂದು ಹೇಳಿ ಫೋಟೋಗಳನ್ನು ಅವನತ್ತ ಹಿಂದಕ್ಕೆ ತಳ್ಳಿದರು. ಹೊರಡುವಾಗ ಜಾಯ್ಸಳಿಗೆ ಮಾತ್ರ ಒಂದು ಬುಟ್ಟಿ ಸೇಬು ಕೊಟ್ಟರು.

ವಾಪಸ್ ಬರುವಾಗ ದೇವದಾಸ್ ಫೋಟೋಗಳನ್ನು ಜೇಬಿಗೆ ಸೇರಿಸಿ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಈಗಲಾದರೂ ಇವನು ಆ ಮಾತು ಹೇಳುತ್ತಾನೆ ಎಂದು ನಾನು ಕಾದೆ. ಹಿಂದಿನ ಸೀಟಿನಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಜಾಯ್ಸ್ ಕೂಡ ಕಾಯುತ್ತಿದ್ದಳು. ಹೇಳಿಕೊಡುವುದಕ್ಕೆ ನೂರು ವರ್ಷ ಹಿಂದಿನ ಪಾದ್ರಿಯೇ ಬಂದಿದ್ದ. ಹೈಡೆಲ್‌ಬರ್ಗ್ ಹತ್ತಿರ ಬಂದಾಗ ದೇವದಾಸ್ ಬಾಯಿಬಿಟ್ಟ.

"ಅಜ್ಜಿಗೆ ವಯಸ್ಸಾಯ್ತು. ಇದನ್ನು ಯಾರಿಗೂ ಹೇಳುದು ಬೇಡ."

ಅಕ್ಟೋಬರಿನ ಮೊದಲ ಭಾನುವಾರ ಇಲ್ಲಿಯವರಿಗೆ ಬೆಳೆಹಬ್ಬ. ನೆಲಮಾಳಿಗೆ ಬಿಟ್ಟುಕೊಟ್ಟವರ ಋಣಕ್ಕೆಂದು ನಮ್ಮವರು ಆ ವರ್ಷ ಜರ್ಮನ್ ಪಾದ್ರಿಯನ್ನೂ ಅವರ ಸಭೆಯ ಹಿರಿಯರನ್ನೂ ಊಟಕ್ಕೆ ಕರೆದಿದ್ದರು. ಕುಂಬಳಕಾಯಿ, ಸೇಬು, ಯಾರೋ ಫ್ರಾಂಕ್‌ಫರ್ಟ್‌ನಿಂದ ತಂದ ತೆಂಗಿನಕಾಯಿಗಳನ್ನು ಮೇಜಿನ ಮೇಲೆ ಒಟ್ಟಿದ್ದರು. ನಾನು ಕೋರಿ ರೊಟ್ಟಿಯ ಕೋರಿ, ಅಂದರೆ ಕೋಳಿ, ಬಿಟ್ಟು ರೊಟ್ಟಿ ತಿನ್ನಲು ಹೋಗಿದ್ದೆ. ಸಾಕ್ಷಿ ಹೇಳಲು ದೇವದಾಸ್ ಎದ್ದು ನಿಂತ. ಜರ್ಮನರಿಗೆ ತಿಳಿಯಲೆಂದು ಪಕ್ಕದಲ್ಲಿ ಜಾಯ್ಸ್ ನಿಂತಳು.

ಅವನು ಫೋಟೋಗಳನ್ನು ಎತ್ತಿ ತೋರಿಸಿ ಶುರುಮಾಡಿದಾಗ ನನಗೆ ನನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ನಿಮ್ಮ ನಾಡಿನಿಂದ ಬಂದ ಶಾಫಲ್ ಅಯ್ಯನವರು ಎಂದ. ಜಾಯ್ಸ್ ಹೇಳಿದಳು. ಒಂದೇ ಮಳೆಗಾಲದಲ್ಲಿ ಮೂರು ಮಕ್ಕಳು ಎಂದ. ಹೇಳಿದಳು. ನಾವೂ ಒಂದು ಮಗುವನ್ನು ಕಳೆದುಕೊಂಡೆವು, ಆದರೆ ಅಯ್ಯನವರಂತೆಯೇ ನಾವೂ ಅಲುಗಲಿಲ್ಲ ಎಂದ. ಅವಳು ಅದನ್ನೂ ಹೇಳಿದಳು. ಕೂಟದವರು ಆಮೆನ್ ಎಂದರು. ಸಿಸಿಲಿಯಾ ಆಂಟಿ ಕಣ್ಣೊರೆಸಿಕೊಂಡರು.

"ಅವರು ಸಾಯುವವರೆಗೂ ವಿಶ್ವಾಸ ಬಿಡ್ಲಿಲ್ಲ. ಮೂರು ಮಕ್ಕಳನ್ನು ಕಳ್ಕೊಂಡ ಮನುಷ್ಯ ಸುಳ್ಳು ಹೇಳ್ತಾನಾ?"

ಜಾಯ್ಸ್ ಈ ಸಲ ಗಂಡನ ಮುಖ ನೋಡಿ ಜರ್ಮನರತ್ತ ತಿರುಗಿದಳು. ಆಮೇಲೆ ಮಾತಾಡಿದಳು, ಅವನ ಎರಡು ವಾಕ್ಯಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು, ಮೆಲ್ಲಗೆ, ಸ್ವಚ್ಛ ಜರ್ಮನ್‌ನಲ್ಲಿ. ಚರ್ಚಿನಲ್ಲಿ ಅರ್ಧಕ್ಕೆ ನಿಂತ ಕಥೆ, ಕೆಳಗಿಳಿದು ಮನೆಗೆ ನಡೆದ ಮುದುಕ, ಯಾರೂ ಕೊಳ್ಳದ ಸೇಬು. ರದ್ದಾದ ಭೇಟಿ. ತಾನು ಮಾಡಿದ ಫೋನು. ಸರ್ಜನ್ ಹೇಳಿದ ಮಾತು. ಜರ್ಮನ್ ಹಿರಿಯರು ಒಬ್ಬೊಬ್ಬರಾಗಿ ತಟ್ಟೆ ಕೆಳಗಿಟ್ಟರು. ಕರಾವಳಿಯವರು ಅರ್ಥವಾಗದೆ ಅವರ ಮುಖ ನೋಡಿದರು. ಜರ್ಮನರ ಕಣ್ಣು ದೇವದಾಸನ ಮೇಲೆ ನೆಟ್ಟಿತ್ತು.

"ಎಂತ ಹೇಳಿದ್ದು ನೀನು ಅವರಿಗೆ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಮೂರು ಮಕ್ಕಳನ್ನು ಕಳ್ಕೊಂಡ ಮನುಷ್ಯ ಸುಳ್ಳು ಹೇಳುದಿಲ್ಲ ಅಂತ ಹೇಳಿದೆ" ಎಂದಳು ಜಾಯ್ಸ್. "ಅವರು ಕೊನೆಗೆ ಹೇಳಿದ್ದು ಎಂತ ಅಂತಲೂ ಹೇಳಿದೆ. ಒಂದನ್ನು ಕಳ್ಕೊಂಡವಳೂ ಸುಳ್ಳು ಹೇಳುದಿಲ್ಲ. ಇನ್ನು ನೀವು ಹೇಳಿ."

ತರ್ಕದ ಪ್ರಕಾರ ಅದೂ ತಪ್ಪೇ. ನೋವುಂಡವನ ಮಾತೆಲ್ಲ ನಿಜ ಎಂದೇನೂ ಇಲ್ಲ, ಗಣಿತದ ಮುದುಕಿ ಅದನ್ನೇ ಬಿಡಿಸಿ ಹೇಳಿದ್ದರು. ಆದರೆ ಕತ್ತಿ ಅವನದೇ, ಒಂದೂವರೆ ವರ್ಷ ನನ್ನ ಕಾರಿನಲ್ಲಿ ಕೂತು ಮಸೆದದ್ದು. ಅದು ಅವನ ಕುತ್ತಿಗೆಗೇ ಬಂದು ಕೂತಾಗ ನನಗೆ ಖುಷಿಯಾಯಿತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ದೇವದಾಸ್ ಬಾಯಿ ತೆರೆದ. ಆ ಮಾತು ಅವನ ಗಂಟಲವರೆಗೆ ಬಂತು ಎಂದು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ. ಅವನು ಕೂಟದವರನ್ನು ನೋಡಿದ, ಮೆಲ್ರಾಯ್‌ನನ್ನು ನೋಡಿದ, ಕೈಯಲ್ಲಿದ್ದ ಫೋಟೋ ನೋಡಿಕೊಂಡ.

"ಪ್ರಾರ್ಥನೆ ಮಾಡುವ" ಎಂದ.

ನಮ್ಮವರೆಲ್ಲ ಅಭ್ಯಾಸದಂತೆ ಕಣ್ಣು ಮುಚ್ಚಿ ತಲೆ ಬಗ್ಗಿಸಿದರು. ಆದ್ದರಿಂದ ಜಾಯ್ಸ್ ತನ್ನ ಕೋಟು ತೆಗೆದುಕೊಂಡು ಮೆಟ್ಟಿಲು ಹತ್ತಿ ಹೋದದ್ದನ್ನು ನೋಡಿದವರು ಜರ್ಮನರು ಮತ್ತು ನಾನು ಮಾತ್ರ. ಅವನ ಪ್ರಾರ್ಥನೆ ಉದ್ದವಾಗಿತ್ತು. ಆಮೆನ್ ಎಂದು ಕಣ್ಣು ತೆರೆದವನು ಪಕ್ಕಕ್ಕೆ ತಿರುಗಿ ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ. ಜರ್ಮನ್ ಪಾದ್ರಿ, ತೆಳ್ಳನೆಯ ಸಾಧು ಮನುಷ್ಯ, ಎದ್ದು ಬಂದು ಅವನ ಮೊಣಕೈ ಹಿಡಿದು ಏನೋ ಕೇಳಿದರು. ದೇವದಾಸನಿಗೆ ತಿಳಿಯಲಿಲ್ಲ. ಹೇಳಿಕೊಡುವವರು ಯಾರೂ ಇರಲಿಲ್ಲ. ಅವನು ನನ್ನ ಕಡೆ ನೋಡಿದ.

"ಮಗುವಿನ ಹೆಸರೇನಂತ ಕೇಳಾಕತ್ತಾರ" ಎಂದೆ.

ಆ ಒಂದು ಹೆಸರು ಹೇಳಲು ಅವನು ಬಹಳ ಹೊತ್ತು ತೆಗೆದುಕೊಂಡ.